ಚಾರ್ಜಿಂಗ್ ಮುಚ್ಚಳದೊಳಗಿನ ಕುಂಕುಮ

ಅಣ್ಣ ತೀರಿಕೊಂಡ ಮೇಲೆ ಅವನ ಕಾರಿನ ಚಾರ್ಜಿಂಗ್ ಮುಚ್ಚಳ ತಾನಾಗಿಯೇ ತೆರೆದುಕೊಳ್ಳತೊಡಗಿತು. ಮೊದಲ ಸಲ ತೆರೆದದ್ದು ಹದಿಮೂರನೆಯ ದಿನವೆಂದು ವೈನಿ, ಅಂದರೆ ಅಣ್ಣನ ಹೆಂಡತಿ, ಹೇಳುತ್ತಿದ್ದರು. ನನ್ನ ದಿನಚರಿಯ ಪ್ರಕಾರ ಅದು ಹದಿನೈದನೆಯ ದಿನ. ಎರಡು ದಿನಗಳ ಈ ವ್ಯತ್ಯಾಸವನ್ನು ನಾನು ಅವರೆದುರು ಎತ್ತಲಿಲ್ಲ. ಶಾಸನಗಳ ತಿಥಿ, ವಾರ, ಸಂವತ್ಸರಗಳನ್ನು ಒಂದಕ್ಕೊಂದು ತಾಳೆ ನೋಡುವುದರಲ್ಲೇ ನನ್ನ ವೃತ್ತಿಜೀವನ ಕಳೆದಿದೆ. ನಿವೃತ್ತನಾದ ಮೇಲೂ ಆ ಚಟ ಬಿಟ್ಟಿಲ್ಲ. ಆದರೆ ಗಂಡನನ್ನು ಕಳೆದುಕೊಂಡವರ ನೆನಪನ್ನು ತಿದ್ದಲು ಹೋಗಬಾರದೆಂಬಷ್ಟು ತಿಳಿವಳಿಕೆ ನನಗೂ ಇತ್ತು.

ಸೊಲ್ಲಾಪುರದ ನಮ್ಮ ಮನೆಯಲ್ಲಿ ಕೆಳಗಿನ ಅಂತಸ್ತು ಅಣ್ಣನದು, ಮೇಲಿನದು ನನ್ನದು. ಅಣ್ಣ ಚಾದರ, ಟವೆಲುಗಳ ಸಗಟು ವ್ಯಾಪಾರಿ. ವಯಸ್ಸಾದ ಮೇಲೆ ಹಟ ಹಿಡಿದು ವಿದ್ಯುತ್ ಕಾರು ತಂದ. ಅದರ ಎಡಗಡೆ, ಮುಂದಿನ ಗಾಲಿಯ ಮೇಲುಭಾಗದಲ್ಲಿ, ಅಂಗೈಗಿಂತ ತುಸು ದೊಡ್ಡದಾದ ಒಂದು ಮುಚ್ಚಳವಿದೆ. ಚಾರ್ಜಿಂಗ್ ತಂತಿಯನ್ನು ಸಿಕ್ಕಿಸುವ ಕಂಡಿ ಅದರ ಹಿಂದೆ. ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ ತೆಗೆಯಲಾಗದು. ಒಳಗೆ ಬೆಂಕಿಪೊಟ್ಟಣದ ಗಾತ್ರದ ಪುಟ್ಟ ಮೋಟರಿನ ಡಬ್ಬಿಯಿದೆ, ಆ್ಯಕ್ಚುಯೇಟರ್ ಎನ್ನುತ್ತಾರೆ. ಗುಂಡಿ ಒತ್ತಿದರೆ ಅದು ಕಿರ್ರೆಂದು ಕೊಂಡಿಯನ್ನು ಬಿಡಿಸಿ ಮುಚ್ಚಳವನ್ನು ಹೊರಕ್ಕೆ ತಳ್ಳುತ್ತದೆ.

ಈಗ ಯಾರೂ ಗುಂಡಿ ಒತ್ತದೆಯೇ ಆ ಕಿರ್ರೆಂಬ ಸದ್ದು ಬರುತ್ತಿತ್ತು. ಮಧ್ಯಾಹ್ನ ಉಂಡು ಮಲಗಿದಾಗ, ಬೆಳಗಿನ ಚಹಾ ಸೋಸುವಾಗ, ಒಮ್ಮೆ ಮನೆಗೆ ನೆಂಟರು ಬಂದು ಕುಳಿತಿದ್ದಾಗ. ಸದ್ದಾದೊಡನೆ ವೈನಿ ಮೆಟ್ಟಿಲ ಬುಡಕ್ಕೆ ಬಂದು ಮೈದುನನಾದ ನನ್ನನ್ನು ಕೂಗುತ್ತಿದ್ದರು.

"ಭಾವೋಜಿ, ಬಾಯಿ ತಗದಾರ ನೋಡ್ರಿ. ವೈರ ಹಚ್ಚಿ ಬರ್ರಿ."

"ವೈನಿ, ಗಾಡಿ ನಿಂತಲ್ಲೇ ನಿಂತೈತಿ. ನೂರಕ್ಕ ನೂರು ತುಂಬೇತಿ. ಇನ್ನ ಎಲ್ಲಿ ಹಿಡಸ್ಬೇಕು?"

"ತುಂಬಿರ್ಲಿ. ಕೇಳಿದವರಿಗಿ ಇಲ್ಲ ಅನಬಾರದು."

ನಾನು ಇಳಿದು ಹೋಗಿ ತಂತಿಯನ್ನು ಸಿಕ್ಕಿಸಿ, ಅರ್ಧ ಗಂಟೆ ಬಿಟ್ಟು ತೆಗೆದು, ಮುಚ್ಚಳ ಮುಚ್ಚಿ ಬರುತ್ತಿದ್ದೆ. ಎಲ್ಲಿಗೂ ಹೋಗದ ಕಾರಿಗೆ ಏಳು ತಿಂಗಳು ಹೀಗೆ ಉಣಿಸಿದೆವು. ಪ್ರತಿ ಸಲವೂ ದಿನ, ವೇಳೆ, ತಿಥಿಗಳನ್ನು ಒಂದು ವಹಿಯಲ್ಲಿ ಬರೆದಿಟ್ಟೆ. ಅಣ್ಣನ ಮಾಸಿಕದ ತಿಥಿಯ ದಿನವೇ ಎರಡು ಸಲ ತೆರೆದಿತ್ತು. ಉಳಿದ ದಿನಗಳಿಗೆ ಯಾವ ಕ್ರಮವೂ ಇರಲಿಲ್ಲ. ಎರಡು ಸಲ ಕೂಡಿಬಂದದ್ದನ್ನು ಪುರಾವೆಯೆನ್ನಲಾಗದೆಂದು ಎಷ್ಟು ವಿದ್ಯಾರ್ಥಿಗಳಿಗೆ ಹೇಳಿದ್ದೇನೋ! ಆದರೂ ಆ ಎರಡು ದಿನಗಳಲ್ಲಿ ಮುಚ್ಚಳ ಮುಚ್ಚುವಾಗ ಯಾರದೋ ಬಾಯಿಯ ಮೇಲೆ ಕೈಯಿಡುತ್ತಿದ್ದೇನೆ ಅನ್ನಿಸಿತ್ತು.

ಎಂಟನೆಯ ತಿಂಗಳಲ್ಲಿ ಸದ್ದು ನಿಂತಿತು. ಮುಚ್ಚಳ ಬಿಗಿಯಾಗಿ ಮುಚ್ಚಿಕೊಂಡಿತು. ಗುಂಡಿ ಒತ್ತಿದರೂ ಬರಲೊಲ್ಲದು. ಒಂದು ವಾರ ಕಾದು ವೈನಿ ನನ್ನ ಕೋಣೆಗೆ ಬಂದರು. ಮೊಣಕಾಲು ನೋವಿನಿಂದ ಅವರು ಮೇಲಕ್ಕೆ ಬರುವುದೇ ಅಪರೂಪ. ಪುಸ್ತಕಗಳನ್ನು ಸರಿಸಿ ಕುರ್ಚಿ ಕೊಟ್ಟೆ.

"ರಿಪೇರಿ ಮಾಡಸ್ರಿ," ಎಂದರು. ಮೊಣಕಾಲು ನೀವಿಕೊಳ್ಳುತ್ತ, "ಆ ಡಬ್ಬಿ ಬಿಚ್ಚತಾರಲ್ಲ, ನೀವು ಎದುರಿಗಿ ನಿಂತು ನೋಡ್ರಿ. ಒಳಗ ಕಾಯಿನೀರು ಹೋಗೇತೋ ಇಲ್ಲೋ, ನನಗ ಖರೇ ಹೇಳ್ಬೇಕು. ನನ್ನ ಸಮಾಧಾನಕ್ಕಂತ ಸುಳ್ಳ ಹೇಳಬ್ಯಾಡ್ರಿ."

"ಕಾಯಿನೀರಿಂದೇನು ಈಗ?"

"ತಿಳೀಲಾರದವರಂಗ ಮಾಡಬ್ಯಾಡ್ರಿ, ಭಾವೋಜಿ. ಊರಮಂದಿ ತಾರೀಖ ಹುಡಕವ್ರು ನೀವು. ನಮ್ಮ ಮನಿದೊಂದು ಹುಡಕಿಕೊಡ್ರಿ."

ನನಗೆ ತಿಳಿದೇ ಇತ್ತು. ನಮ್ಮ ಕಡೆಯ ವ್ಯಾಪಾರಸ್ಥರ ಮನೆಗಳಲ್ಲಿ ಪ್ರತಿ ಅಮಾವಾಸ್ಯೆಗೆ ಅಂಗಡಿಯ ತಕ್ಕಡಿಯಿಂದ ಹಿಡಿದು ಗಾಡಿಯವರೆಗೆ ಪೂಜೆಯಾಗುತ್ತದೆ. ಹಳೆಯ ಕಾರಿದ್ದಾಗ ಬಾನೆಟ್ಟಿಗೆ ವಿಭೂತಿ, ಕುಂಕುಮ ಹಚ್ಚಿ, ಕಾಯಿ ಒಡೆದು, ನೀರನ್ನು ಅಲ್ಲೇ ಹೊಯ್ಯುತ್ತಿದ್ದರು. ಹೊಸ ಕಾರು ಬಂದಾಗ, ಇಂಜಿನ್ನೇ ಇಲ್ಲದ ಗಾಡಿಯ ಪೂಜೆ ಎಲ್ಲಿಗೆ ಎಂಬ ಚರ್ಚೆ ಎದ್ದಿತು. ಉಣ್ಣುವ ಬಾಯಿ ಎಲ್ಲಿದೆಯೋ ಅಲ್ಲಿಗೇ ನೈವೇದ್ಯವಾಗಬೇಕೆಂದು ವೈನಿಯೇ ತೀರ್ಮಾನಿಸಿದರು. ಅಣ್ಣ ಹೊಟ್ಟೆ ಹಿಡಿದು ನಕ್ಕ. ಅಂದಿನಿಂದ ಪ್ರತಿ ಅಮಾವಾಸ್ಯೆಗೂ ಚಾರ್ಜಿಂಗ್ ಮುಚ್ಚಳಕ್ಕೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೆ ಒಂದು ಕಾಯಿಯ ನೀರು. ನಾನೂ ಎದುರಿಗೆ ನಿಂತು ಕೈ ಮುಗಿದಿದ್ದೇನೆ.

ಅಣ್ಣ ಹೋದದ್ದು ಅಮಾವಾಸ್ಯೆಯ ಮರುದಿನ. ಪಂಚಾಂಗ, ಆಸ್ಪತ್ರೆಯ ಕಾಗದ, ಕಾರಿನ ಆ್ಯಪ್‌ನಲ್ಲಿ ಉಳಿದ ದಾಖಲೆ, ಈ ಮೂರನ್ನೂ ಇಟ್ಟು ನೋಡಿದ್ದೇನೆ, ಮೂರೂ ಒಪ್ಪುತ್ತವೆ. ಗಂಡ ಹೆಂಡತಿ ಇಬ್ಬರೂ ಕರಜಗಿಯ ಹೊಲಕ್ಕೆ ಹೋಗಿದ್ದರು. ಗಾಡಿಯಲ್ಲಿ ಚಾರ್ಜು ಕಡಿಮೆಯಿತ್ತು. ಅಲ್ಲಿನ ಊರ ಮನೆಯಲ್ಲೇ ತಂತಿ ಹಚ್ಚಿದರಾಯಿತೆಂದು ಅಣ್ಣ ಹೊರಟಿದ್ದ. ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಹಚ್ಚಲು ಹೋದರೆ ಮುಚ್ಚಳ ತೆರೆಯಲಿಲ್ಲ. ತೆರೆಯುವ ಆಜ್ಞೆ ಆರು ಸಲ ಹೋದದ್ದು ಆ್ಯಪ್‌ನಲ್ಲಿದೆ. ವೈನಿ ನನಗೆ ಫೋನ್ ಮಾಡಿದರು. ಕಂಪನಿಯ ಸಹಾಯವಾಣಿಗೆ ಕೇಳಿರಿ ಎಂದೆ. ಸಹಾಯವಾಣಿಯವರು ನಾಳೆ ಜನ ಕಳಿಸುತ್ತೇವೆ ಎಂದರಂತೆ. ನಾಲ್ಕು ಗಂಟೆಗೆ ಅಣ್ಣನಿಗೆ ಎದೆ ಹಿಡಿದುಕೊಂಡಿತು. ಓಡಿಸಲು ಪಕ್ಕದ ಹೊಲದವನೊಬ್ಬ ಇದ್ದ, ಆದರೆ ಉಳಿದ ಚಾರ್ಜಿನಲ್ಲಿ ಕಾರು ಆಸ್ಪತ್ರೆಯಿದ್ದ ಅಕ್ಕಲಕೋಟೆ ಮುಟ್ಟುವಂತಿರಲಿಲ್ಲ. ಅತ್ತಿತ್ತ ಫೋನ್ ಮಾಡಿ, ಹೊಲದಾಚೆಯಿಂದ ಒಂದು ಟೆಂಪೋ ತರಿಸಿ ಹೊರಡುವಷ್ಟರಲ್ಲಿ ಒಂದು ಗಂಟೆಗೂ ಹೆಚ್ಚು ಹೋಯಿತು. ಅಕ್ಕಲಕೋಟೆಯ ದವಾಖಾನೆಯ ಬಾಗಿಲಲ್ಲಿ ಇಳಿಸುವಾಗ ಅಣ್ಣ ಇರಲಿಲ್ಲ.

ಆಮೇಲೆ ಕಾರನ್ನು ಲಾರಿಯ ಮೇಲೆ ಹೇರಿಸಿ ಸೊಲ್ಲಾಪುರಕ್ಕೆ ತಂದೆವು. ಆ ದಿನ ನಾಲ್ಕು ತಾಸು ಊರ ಮನೆಯ ಸಾಕೆಟ್ಟಿಗೆ ಹಚ್ಚಿದ್ದರೆ ಅಕ್ಕಲಕೋಟೆ ಮುಟ್ಟುವಷ್ಟು ಚಾರ್ಜು ತುಂಬುತ್ತಿತ್ತು. ಆ ಲೆಕ್ಕವನ್ನು ವೈನಿ ಯಾರ ಸಹಾಯವೂ ಇಲ್ಲದೆ ಮಾಡಿಕೊಂಡಿದ್ದರು. ಅಮಾವಾಸ್ಯೆಯ ದಿನ ನೀರು ಹೊಯ್ದದ್ದು ಅವರ ಕೈ.

ಪುಣೆಯಿಂದ ಹೊಸ ಡಬ್ಬಿ ಬಂದ ಮೇಲೆ ಕಾರನ್ನು ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಗ್ಯಾರೇಜಿಗೆ ಒಯ್ದೆ. ಅದರ ಮೇಸ್ತ್ರಿ ಐವತ್ತು ದಾಟಿದವರು. ಮೊದಲು ಪಾವರ್‌ಲೂಮಿನ ಮೋಟರುಗಳಿಗೆ ತಂತಿ ಸುತ್ತುತ್ತಿದ್ದವರು, ಈಗ ವಿದ್ಯುತ್ ಗಾಡಿಗಳನ್ನು ಬಿಚ್ಚುತ್ತಾರೆ. ನನ್ನ ಜೇಬಿನ ಪೆನ್ನು, ಕೈಯಲ್ಲಿದ್ದ ವಹಿ ನೋಡಿ ನನ್ನನ್ನು ಶಾಲೆಯ ಮಾಸ್ತರನೆಂದೇ ತಿಳಿದರು. ನಾನೂ ತಿದ್ದಲಿಲ್ಲ.

"ಮುಚ್ಚಳಾ ಜಾಮ್ ಆಗ್ಯಾದ? ಬರ್ರಿ, ಮಾಸ್ತರ್ರ, ಪಹಿಲೇ ಬಾಯಿ ತಗಸೂಣು," ಎಂದು ಬಾನೆಟ್ ಎತ್ತಿದರು. ಎಡಗಡೆಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಿಗೆಯನ್ನು ಹೆಬ್ಬೆರಳಿನಿಂದ ಎಬ್ಬಿಸಿ, ಒಳಗಿನಿಂದ ಕೆಂಪು ದಾರದ ಒಂದು ಕುಣಿಕೆಯನ್ನು ಹೊರತೆಗೆದರು. ಬೆರಳು ಹಾಕಿ ಜಗ್ಗಿದರು. ಟಕ್ ಎಂದಿತು. ವಾರಗಟ್ಟಲೆ ಕಲ್ಲಿನಂತೆ ಕೂತಿದ್ದ ಮುಚ್ಚಳ ಎದ್ದು ನಿಂತಿತು.

ನಾನು ಆ ಕುಣಿಕೆಯನ್ನು ಮುಟ್ಟಿ ಕೇಳಿದೆ: "ಇದೇನು?"

"ಅಡಚಣಿಗಿ ಇಟ್ಟಿದ್ ದಾರ್ರೀ. ಮೋಟರ ಸತ್ತರೂ ಜಗ್ಗಿದ್ರ ತಗೀತದ. ಗಾಡಿ ಬುಕ್ಕಿನಾಗ ಬರದಾರ. ಆದ್ರ ಬುಕ್ ಯಾಂವ ಓದತಾನ ಬಿಡ್ರಿ."

ನಾನು ಓದಿದ್ದೆ. ಕಾರು ಬಂದ ವಾರದಲ್ಲೇ ಆ ಪುಸ್ತಕ ನನ್ನ ಮೇಜಿಗೆ ಬಂದಿತ್ತು. ಆದರೆ ಈ ದಾರದ ವಿಷಯ ಅದರಲ್ಲಿದ್ದ ನೆನಪು ನನಗೆ ಇರಲಿಲ್ಲ. ಬೇರೆ ಮಾದರಿಯ ಪುಸ್ತಕದಲ್ಲಿರಬಹುದು, ನಂತರದ ಮುದ್ರಣದಲ್ಲಿ ಸೇರಿಸಿರಬಹುದು ಎಂದೆಲ್ಲ ಯೋಚಿಸುತ್ತ ನಿಂತೆ. ಮೇಸ್ತ್ರಿ ಗಾಲಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಗುಂಡಿಯಂಥ ಕ್ಲಿಪ್ಪುಗಳನ್ನು ಕಿತ್ತು, ಅದನ್ನು ಬಾಗಿಸಿ, ಕೈ ತೂರಿಸಿದರು. ವೈರಿನ ಜೋಡಣೆ ಬಿಡಿಸಿದರು, ಎರಡು ಸ್ಕ್ರೂ ಬಿಚ್ಚಿದರು, ದಾರದ ತುದಿಯನ್ನು ಕೊಕ್ಕೆಯಿಂದ ತಪ್ಪಿಸಿದರು. ಡಬ್ಬಿ ಹೊರಬಂತು. ಅದನ್ನು ಬೆಂಚಿನ ಮೇಲಿಟ್ಟು ಚೂರಿಯ ಮೊನೆಯಿಂದ ಎರಡು ಹೋಳು ಮಾಡಿದರು.

"ಕಾಯಿ ಒಡದೀರೇನ್ರಿ ಇದರ ಮ್ಯಾಲ?"

"ಯಾಕ?"

"ಕುಂಕುಮ ನೋಡ್ರಿ. ಮೋಟರದ ಹೊಟ್ಟಿ ತನಕಾ ಹೋಗ್ಯಾದ. ಇಷ್ಟ ಭಕ್ತಿ ದೇವರಿಗೂ ತಡಿಯಂಗಿಲ್ಲ." ಅವರು ನಕ್ಕರು. "ಪಾವರ್‌ಲೂಮ ಇದ್ದಾಗ ದಸರಾ ಖಂಡೇನವಮಿಗಿ ವರ್ಷಕ್ಕ ಒಮ್ಮೆ ಪೂಜಿ. ಈಗ ತಿಂಗಳಾ ತಿಂಗಳಾ. ನಮಗೇನು, ಅಮಾಸಿ ಆತಂದ್ರ ಸೀಜನ್."

ಬಗ್ಗಿ ನೋಡಿದೆ. ಹಲ್ಲುಗಾಲಿಗಳ ನಡುವೆ ಕಂದು ಬಣ್ಣದ ಅಂಟು. ಅದರ ಮೇಲೆ ಕೆಂಪು, ಬೂದಿಯ ಬಿಳಿ, ಮತ್ತೆ ಕೆಂಪು. ಕಲ್ಲಿನ ಮೇಲೆ ಒಂದರ ಮೇಲೊಂದು ಸುಣ್ಣ ಬಳಿದಂತೆ ಅಮಾವಾಸ್ಯೆಗಳು ಅಲ್ಲಿ ಪದರ ಪದರವಾಗಿ ಕೂತಿದ್ದವು. ಮೂಗಿಗೆ ಹಿಡಿದರೆ ಹುಳಿತ ಕೊಬ್ಬರಿಯ ವಾಸನೆ. ಒದ್ದೆಯಾದಾಗ ಕೊಂಡಿ ಹಿಡಿದುಕೊಳ್ಳುತ್ತಿತ್ತು. ಒಣಗುತ್ತ ಬಂದಂತೆ ವೈರುಗಳಲ್ಲಿ ಸುಳ್ಳು ಸಂದೇಶ ಹರಿದು ತಾನಾಗಿ ತೆರೆಯುತ್ತಿತ್ತು, ಕೊನೆಗೆ ಮೋಟರೇ ಸತ್ತಿತು ಎಂದು ಮೇಸ್ತ್ರಿ ವಿವರಿಸಿದರು. ಏಳು ತಿಂಗಳು ನನ್ನನ್ನು ಮೆಟ್ಟಿಲು ಇಳಿಸಿದ್ದು ಆ ಸುಳ್ಳು ಸಂದೇಶವೇ.

"ಯಾವ ತಿಂಗಳದ ನೀರು ಇದನ್ನ ಕೆಡಿಸ್ತು ಅಂತ ಹೇಳಾಕ ಬರ್ತದೇನ್ರಿ?"

"ಮಾಸ್ತರ್ರ, ಕುಂಕುಮದ ಮ್ಯಾಲ ತಾರೀಖ ಬರದಿರ್ತಾರೇನ್ರಿ?"

ಹೊಸ ಡಬ್ಬಿಯನ್ನು ಕೂರಿಸಿ, ದಾರವನ್ನು ಅದರ ಕೊಕ್ಕೆಗೆ ಸಿಕ್ಕಿಸಿ, ಮುಚ್ಚಳವನ್ನು ಹತ್ತಾರು ಸಲ ತೆರೆದು ಮುಚ್ಚಿ ಅದರ ಹದ ನೋಡಿದರು. ಹೊಸ ಮೋಟರಿಗೆ ಸದ್ದೇ ಇರಲಿಲ್ಲ. ಹಳೆಯದನ್ನು ಕಾಗದದಲ್ಲಿ ಸುತ್ತಿಸಿಕೊಂಡು ಹೊರಟೆ.

ಮನೆಗೆ ಬಂದವನು ವೈನಿಯ ಬಾಗಿಲು ದಾಟಿ ನೇರ ಮೇಲೆ ಹೋದೆ. ಗಾಡಿಯ ಪುಸ್ತಕ ಕಪಾಟಿನ ಕೆಳಗಿನ ಅರೆಯಲ್ಲಿತ್ತು. ಚಾರ್ಜಿಂಗ್ ಅಧ್ಯಾಯದ ಕೊನೆಯ ಪುಟದಲ್ಲಿ ಆ ದಾರದ ಚಿತ್ರವಿತ್ತು. ಬಾನೆಟ್ ಎತ್ತಿರಿ, ಎಡಗಡೆಯ ಮುಚ್ಚಿಗೆ ತೆಗೆಯಿರಿ, ಕುಣಿಕೆಯನ್ನು ಜಗ್ಗಿರಿ ಎಂಬ ಮೂರು ಸಾಲುಗಳಿದ್ದವು. ಅದರ ಅಂಚಿನಲ್ಲಿ ನನ್ನ ಪೆನ್ಸಿಲಿನ ಗುರುತಿತ್ತು. ಪಠ್ಯದಲ್ಲಿ ನಮೂದಿಸಿದ ಚಿತ್ರಸಂಖ್ಯೆಗೂ ಚಿತ್ರದ ಕೆಳಗಿನ ಸಂಖ್ಯೆಗೂ ತಾಳೆಯಿಲ್ಲ ಎಂದು ನಾನು ಟಿಪ್ಪಣಿ ಬರೆದು, ವಾಡಿಕೆಯಂತೆ ಕೆಳಗೆ ದಿನಾಂಕ ಹಾಕಿದ್ದೆ.

ಯಾವ ಟಿಪ್ಪಣಿಯನ್ನೂ ದಿನಾಂಕವಿಲ್ಲದೆ ಬಿಡಬಾರದೆಂಬುದು ನಾನೇ ಮಾಡಿಕೊಂಡ ನಿಯಮ. ಆ ದಿನಾಂಕವನ್ನು ದಿನಚರಿಯೊಡನೆ ಹೋಲಿಸಿದೆ. "ಗಾಡಿಯ ಪುಸ್ತಕ ಓದಿ ಮುಗಿಸಿದೆ, ಅಚ್ಚಿನ ತಪ್ಪುಗಳು ಬಹಳ" ಎಂಬ ಸಾಲು ಅದೇ ದಿನದ ಪುಟದಲ್ಲಿತ್ತು. ಅಣ್ಣ ಸಾಯುವ ದಿನಕ್ಕಿಂತ ಒಂದು ವರ್ಷಕ್ಕೂ ಹಿಂದಿನ ಮಾತು. ಮುದ್ರಣದ ಅನುಮಾನಕ್ಕೆ, ಮಾದರಿಯ ಅನುಮಾನಕ್ಕೆ ಆಸ್ಪದವೇ ಉಳಿಯಲಿಲ್ಲ. ದಾರವನ್ನು ನಾನು ಕಂಡಿದ್ದೆ. ಕಂಡು, ಅದರ ಸಂಖ್ಯೆಯನ್ನು ತಿದ್ದಿದ್ದೆ.

ಅಣ್ಣ ಹೋದ ದಿನದ ಪುಟವನ್ನು ಮತ್ತೆ ತೆರೆದೆ. ಮಧ್ಯಾಹ್ನ ಒಂದು ಶಾಸನದ ತಿಥಿಗೂ ವಾರಕ್ಕೂ ಹೊಂದಿಕೆಯಾಗದೆ ಕುಳಿತಿದ್ದೆನೆಂದಿದೆ. ನಡುವೆ, "ಕರಜಗಿಯಿಂದ ಫೋನ್, ಮುಚ್ಚಳದ ತೊಂದರೆ" ಎಂಬ ಅರ್ಧ ಸಾಲು. ಎರಡು ನಿಮಿಷವೂ ಮಾತಾಡಿರಲಿಲ್ಲ. ಲೆಕ್ಕದ ಎಳೆ ತಪ್ಪಿಹೋಗುತ್ತದೆಂಬ ಅವಸರ ನನಗೆ. ಪುಟ ನೋಡುತ್ತಿದ್ದಂತೆ, ಅಂದು ವೈನಿಯ ದನಿಯ ಹಿಂದೆ ದೂರದಿಂದ ಕೇಳಿಸಿದ್ದ ಅಣ್ಣನ ದನಿ ಕಿವಿಗೆ ಬಂತು. ಎಂಟು ತಿಂಗಳಲ್ಲಿ ಒಮ್ಮೆಯೂ ನೆನಪಾಗದಿದ್ದ ಮಾತು.

"ಅವಗ ಕೇಳ, ಅವಗ! ಬುಕ್ಕೆಲ್ಲಾ ಅವನ ಓದ್ಯಾನ!"

ಅಣ್ಣ ನನಗಾಗಿ ಆಡಿದ ಕಡೆಯ ಮಾತು ಅದು. ಅದನ್ನು ನಾನು ದಿನಚರಿಯಲ್ಲಿ ಬರೆದಿರಲಿಲ್ಲ.

ಒಂದು ತಾಸು ಕುಳಿತೆ. ಕೆಳಗೆ ಹೋಗಿ ಕುಂಕುಮದ ಸಂಗತಿಯನ್ನಷ್ಟೇ ಹೇಳಿದರೆ ಅದು ಸುಳ್ಳಲ್ಲ. ಕಾಯಿನೀರು ಹೋಗಿರಲಿಲ್ಲ ಎಂದರೆ ಅದು ಸುಳ್ಳು, ಆದರೆ ಅವರ ಎದೆಯ ಭಾರ ಇಳಿಯುತ್ತದೆ; ನನ್ನ ತಪ್ಪು ಹೊರಬೀಳುವುದಿಲ್ಲ. ಎರಡೂ ದಾರಿಗಳು ನನಗೆ ಅನುಕೂಲವಾಗಿಯೇ ಇದ್ದವು. ಪುಸ್ತಕವನ್ನೂ ಕಾಗದದ ಪೊಟ್ಟಣವನ್ನೂ ಹಿಡಿದು ಇಳಿದೆ.

ವೈನಿ ಅಡುಗೆಮನೆಯಲ್ಲಿ ಶೇಂಗಾ ಕುಟ್ಟುತ್ತಿದ್ದರು. ಪೊಟ್ಟಣ ಬಿಚ್ಚಿ ಅವರ ಮುಂದಿಟ್ಟೆ. ಅವರು ಕೈ ಒರೆಸಿಕೊಂಡು, ಡಬ್ಬಿಯ ಹೋಳನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಒಳಗನ್ನು ಮುಟ್ಟಿದರು. ಬೆರಳು ಕೆಂಪಾಯಿತು.

"ಹೋಗೇತಿ," ಎಂದರು.

"ಹೋಗೇತಿ. ಆದ್ರ ವೈನಿ, ಆ ದಿನಾ ಮುಚ್ಚಳಾ ತಗಿಯಾಕ ಮೋಟರ ಬೇಕಾಗಿರಲಿಲ್ಲ." ಪುಸ್ತಕ ತೆರೆದು ಪುಟ ತೋರಿಸಿದೆ. ದಾರವನ್ನು ಹೇಳಿದೆ. ಪೆನ್ಸಿಲಿನ ಗುರುತನ್ನು, ಅದರ ಕೆಳಗಿನ ದಿನಾಂಕವನ್ನು ಹೇಳಿದೆ. ಫೋನಿನಲ್ಲಿ ಅಣ್ಣ ಕೂಗಿದ್ದನ್ನೂ ಹೇಳಿದೆ. "ನನಗ ಗೊತ್ತಿತ್ತು, ವೈನಿ. ನೀವು ಕೇಳಿದಾಗ ನೆನಪಾಗಲಿಲ್ಲ. ನೆನಪ ಮಾಡ್ಕೊಳ್ಳಾಕ ನಾ ಒಂದ್ ಗಳಿಗಿ ನಿಂದರಲಿಲ್ಲ."

ಅವರು ಬಹಳ ಹೊತ್ತು ಪುಟವನ್ನೇ ನೋಡಿದರು. ಅವರಿಗೆ ಓದಲು ಬರುವುದು ಮರಾಠಿ ಮಾತ್ರ, ಪುಸ್ತಕ ಇಂಗ್ಲಿಷಿನದು. ನನ್ನ ಅಕ್ಷರವನ್ನು ಮಾತ್ರ ಗುರುತಿಸಿದರೆಂದು ಕಾಣುತ್ತದೆ. ಅದರ ಮೇಲೆ ಬೆರಳಿಟ್ಟರು, ತೆಗೆದರು. ಅಂಚಿನಲ್ಲಿ ಕುಂಕುಮದ ಗುರುತು ಉಳಿಯಿತು.

"ಎಂಟು ತಿಂಗಳಾತು, ನಾ ಕೊಬ್ರಿ ಬಾಯಾಗ ಹಾಕಿಲ್ಲ," ಎಂದರು. "ಚಟ್ನಿಗಿ ಇಲ್ಲ, ಪಲ್ಯಾಕ್ಕ ಇಲ್ಲ. ದಿನಾ ಇಲ್ಲೇ ಉಣ್ಣತೀರಿ, ನಿಮಗ ಗೊತ್ತಾಗಲಿಲ್ಲ."

ನಿಜ. ಶೇಂಗಾ ಹಿಂಡಿಯನ್ನೇ, ಅಂದರೆ ಶೇಂಗಾದ ಚಟ್ನಿಪುಡಿಯನ್ನೇ, ಉಣ್ಣುವ ಊರಲ್ಲಿ ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ.

"ತಪ್ಪು ನಂದು, ವೈನಿ. ನಿಮ್ಮದಲ್ಲ."

"ಹಂಗ ಪಾಲು ವಾಟ್ನಿ ಮಾಡಾಕ ಬರಂಗಿಲ್ಲ, ಭಾವೋಜಿ. ನೀರ ಹೊಯ್ದಾಕಿ ನಾನಽ. ಇಷ್ಟು ದಿನಾ ಒಬ್ಬಾಕಿನ ಹೊತ್ತಿದ್ದೆ. ಈಗ ನೀವೂ ಬಂದ್ರಿ." ಬೈಗುಳವೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ ಆ ದನಿಯಲ್ಲಿ. ಪುಸ್ತಕವನ್ನು ಸರಿಸಿ ಕೇಳಿದರು: "ಆ ದಾರಾ ಜಗ್ಗಾಕ ಎಷ್ಟ ಹೊತ್ತು ಬೇಕು?"

"ಹೊತ್ತು ಅಂತೇನಿಲ್ಲ. ಕೂಡಲೇ."

"ತೋರಸ್ರಿ."

ನಾವು ಹೊರಗೆ ಬಂದೆವು. ಸಂಜೆಯ ಬಿಸಿಲು ಅಂಗಳದಲ್ಲಿತ್ತು. ಬಾನೆಟ್ ಎತ್ತಿ ಎಡಗಡೆಯ ಮುಚ್ಚಿಗೆಯನ್ನು ತೆಗೆದೆ. ವೈನಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಕುಣಿಕೆಯಲ್ಲಿ ಬೆರಳಿಟ್ಟು ಜಗ್ಗಿದರು. ಟಕ್ ಎಂದು ಮುಚ್ಚಳ ಎದ್ದಿತು. ಅವರು ಅದರ ಹತ್ತಿರ ಹೋಗಿ, ಒಳಗಿನ ಕಂಡಿಯನ್ನು ನೋಡಿ, ಅಂಗೈಯಿಂದ ಒತ್ತಿ ಮುಚ್ಚಿದರು. ತಿರುಗಿ ಬಂದು ಜಗ್ಗಿದರು. ಎದ್ದಿತು. ಮುಚ್ಚಿದರು. ಮತ್ತೆ ಜಗ್ಗಿದರು.

"ಸಾಕು, ವೈನಿ," ಎಂದೆ.

"ನೀವು ಒಳಗ ಹೋಗ್ರಿ," ಎಂದರು.

ನಾನು ಹೋಗಲಿಲ್ಲ. ಬಾನೆಟ್ಟಿನ ಕಬ್ಬಿಣದ ಊರುಗೋಲು ಸಡಿಲವಿತ್ತು. ಅವರ ತಲೆಯ ಮೇಲೆ ಬೀಳದಿರಲೆಂದು ಎರಡೂ ಕೈಗಳಿಂದ ಬಾನೆಟ್ಟನ್ನು ಎತ್ತಿ ಹಿಡಿದು ನಿಂತೆ. ಅವರು ಜಗ್ಗುತ್ತಿದ್ದರು, ಮುಚ್ಚುತ್ತಿದ್ದರು. ಒಂದು ಸಲವೂ ಮುಚ್ಚಳ ತೆರೆಯದೆ ಇರಲಿಲ್ಲ.